ಕಂಟ್ರೋಲ್ ಕೀಲಿಯ ಕುಂಕುಮ

ಬೈಲಹೊಂಗಲದ ಡಿಟಿಪಿ ಅಂಗಡಿಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಯಾರಾದರೂ ತೀರಿಕೊಂಡರೆ ಹಳೆಯ ಶಿವಗಣಾರಾಧನೆಯ ಕಾರ್ಡು ತೆರೆದು ಹೆಸರು, ಊರು, ದಿನ ಬದಲಿಸುವುದು ನಮ್ಮ ಪದ್ಧತಿ. ಕೆಳಗಿನ ನಾಲ್ಕು ಸಾಲಿನ ಕವಿತೆ ಎಲ್ಲರಿಗೂ ಅದೇ. ಗಂಡಸರಿಗೆ ‘ಓ ತಂದೆ’, ಹೆಂಗಸರಿಗೆ ‘ಓ ತಾಯಿ’.

ದಸರೆಯ ಮರುವಾರ ಸುರೇಬಾನದಲ್ಲಿ ನನ್ನ ಅಕ್ಕ ತೀರಿಕೊಂಡಳು. ಮಣ್ಣು ಮುಗಿಸಿ, ಅವಳ ಕಾರ್ಡು ಮಾಡಲು ನಾನೇ ಅಂಗಡಿಗೆ ಬಂದೆ. ಸಂಜೆಯ ಬಸ್ಸಿಗೆ ಒಯ್ಯಬೇಕಿತ್ತು.

ಮಾಲಕರು ತಂಬಾಕು ತುಂಬಿದ ಬಾಯಿಯಲ್ಲೇ ಹೇಳಿದರು: “ಅಳಬ್ಯಾಡ ತಂಗಿ. ಹ್ವಾದ ವಾರದ್ದ ತಗಿ, ಹೆಸರಷ್ಟ ಬದಲ ಮಾಡು. ಸತ್ತವರ ಕಾರ್ಡ ಎಲ್ಲಾ ಒಂದ.”

ಬಂದವರಿಗೆಲ್ಲ ನಾನೂ ಹೇಳುತ್ತಿದ್ದ ಮಾತು. ಅಂದು ಕೇಳಿ ಹೇಸಿಗೆಯಾಯಿತು.

ಹಳೆಯ ಕಾರ್ಡು ತೆರೆದೆ. ಅಕ್ಕನ ಹೆಸರು ಸರಿಯಾಗಿಯೇ ಬಂತು. ‘ಸುರೇಬಾನ’ ಎಂದು ಹೊಡೆದರೆ ಒಂದು ಅಕ್ಷರವೂ ಮೂಡಲಿಲ್ಲ. ಉಕಾರಕ್ಕೆ ಅಡಿಗೆರೆ ಬಿತ್ತು, ‘ರ’ ಒತ್ತಿದರೆ ಸಾಲು ಬಲಕ್ಕೆ ಸರಿಯಿತು, ‘ಬ’ಕ್ಕೆ ಅಕ್ಷರ ದಪ್ಪವಾಯಿತು, ‘ನ’ಕ್ಕೆ ಹೊಸ ಖಾಲಿ ಹಾಳೆ ತೆರೆಯಿತು. ವೈರಸ್ ಹೊಕ್ಕಿದೆ ಎಂದರು ಮಾಲಕರು. ಕಂಪ್ಯೂಟರ್ ಎರಡು ಸಲ ಆರಿಸಿ ಹಚ್ಚಿದೆ. ಕನ್ನಡ ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ಹಾಗೆಯೇ ಇತ್ತು.

ಕಂಟ್ರೋಲ್ ಕೀಲಿ ಹಿಡಿದು ಹೊಡೆದರೆ ಅಕ್ಷರದ ಬದಲು ಇಂಥ ಆಜ್ಞೆಗಳೇ ಬೀಳುತ್ತವೆ; ಒತ್ತದಿದ್ದರೂ ಅದು ಒತ್ತಿದಂತೆಯೇ ಇದೆಯೆಂದು ಆಗ ಹೊಳೆಯಿತು. ಕೀಬೋರ್ಡು ಬೋರಲು ಹಾಕಿ ತಟ್ಟಿದೆ. ಅಡಿಕೆ ಚೂರು, ಕೂದಲು, ಯಾರದೋ ಉಗುರು ಉದುರಿದವು. ಪಿನ್ನಿನಿಂದ ಕೀಲಿ ಎಬ್ಬಿಸಿದರೆ ಅಡಿಯಲ್ಲಿ ಕೆಂಪು ಅಂಟು, ಅದರಲ್ಲಿ ಸತ್ತ ಇರುವೆಗಳು, ಹಳಸಿದ ಕೊಬ್ಬರಿಯ ನಾತ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಕೀಬೋರ್ಡಿಗೆ ಕುಂಕುಮ ಹಚ್ಚಿ ಕಾಯಿನೀರು ಚಿಮುಕಿಸಿದವಳು ನಾನೇ. ಸೆರಗಿನ ಚುಂಗಿನಿಂದಲೇ ಒರೆಸಿದೆ.

ಕೀಲಿ ಸರಿಯಾಯಿತು. ಹಳೆಯ ಕಾರ್ಡಿನಲ್ಲಿ ಅಕ್ಕನ ಹೆಸರಿನ ಕೆಳಗೆ ‘ಓ ತಾಯಿ, ನಿನ್ನ ಮಕ್ಕಳನ್ನು ಬಿಟ್ಟು’ ಎಂದು ನಿಂತಿತ್ತು. ಅದನ್ನು ಮುಚ್ಚಿ, ಖಾಲಿ ಹಾಳೆಯಲ್ಲಿ ಹೆಸರು, ಊರು, ದಿನ ಹೊಡೆದೆ.

“ಕವಿತಾ ಇಲ್ಲಂದ್ರ ಮಂದಿ ಏನಂತಾರ?” ಎಂದರು ಮಾಲಕರು.

“ನಮ್ಮಕ್ಕಗ ಮಕ್ಕಳಿಲ್ರಿ,” ಎಂದೆ.

ಅವರು ಉಗುಳಲು ಹೊರಗೆ ಹೋದರು. ಅವಳಿಗೆಂದು ನಾನೇ ಒಂದು ಸಾಲು ಬರೆಯಬೇಕೆಂದು ಕುಳಿತೆ. ಕೈಗೆ ಬಂದದ್ದೆಲ್ಲ ಊರವರ ಕಾರ್ಡುಗಳ ಆ ನಾಲ್ಕು ಸಾಲುಗಳೇ. ಹೊಡೆದೆ, ಅಳಿಸಿದೆ. ಬಸ್ಸಿನ ಹೊತ್ತಾಯಿತು. ಕವಿತೆಯ ಜಾಗವನ್ನು ಖಾಲಿ ಬಿಟ್ಟೇ ಮುದ್ರಿಸಿದೆ.