ಅಕ್ಕನ ಕೈಯ ನವಿಲು

ಮೋರೆಯ ಮೇಲೆ ಒಂದು ಮೊಡವೆ ಎದ್ದರೆ ಸಾಕು, ನನ್ನ ಮೊಮ್ಮಗಳು ಚರ್ಮದ ಡಾಕ್ಟರ ಬಳಿಗೆ ಓಡುತ್ತಾಳೆ. ಮನೆಯವರೆಲ್ಲ ನಗುತ್ತಾರೆ. ನಾನು ನಗುವುದಿಲ್ಲ. “ಓಡ್ಲಿ ಬಿಡ್ರಿ, ಕಾಲು ಗಟ್ಟಿ ಅದಾವು” ಎನ್ನುತ್ತೇನೆ. ಮೈಮೇಲಿನ ಕಲೆಯನ್ನು ಡಾಕ್ಟರಿಗೆ ತೋರಿಸುವುದು ಬಿಟ್ಟು, ಊರಿನ ಕಣ್ಣಿಗೆ ಬೀಳದಂತೆ ಮುಚ್ಚಲು ಹೋಗಿ ನಮ್ಮ ಮನೆಯಲ್ಲಿ ಏನಾಯಿತೆಂದು ಇವರಿಗೇನು ಗೊತ್ತು?

ನಮ್ಮದು ಹಾನಗಲ್ಲ ತಾಲೂಕಿನ ಅಕ್ಕಿಆಲೂರು. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಾನಿನ್ನೂ ಪರಕಾರ ಉಟ್ಟು ಓಣಿ ಸುತ್ತುವ ಹುಡುಗಿ. ಅಕ್ಕ ಲಗ್ನದ ವಯಸ್ಸಿಗೆ ಬಂದಿದ್ದಳು. ಆ ವರ್ಷ ಅವಳ ಬಲಗೈಯ ಮೇಲೆ, ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಬೆಳ್ಳಿ ರೂಪಾಯಿಯಷ್ಟಗಲ ಒಂದು ಕಲೆ ಕಾಣಿಸಿಕೊಂಡಿತು. ಪೂರಾ ಬಿಳಿಯಲ್ಲ, ಬೂದಿ ಸವರಿದ ಹಾಗೆ ಮಾಸಲು. ಅವ್ವ ನೋಡಿದವಳೇ ಅಕ್ಕನ ಸೆರಗು ಎಳೆದು ಕೈ ಮುಚ್ಚಿದಳು. ತೊನ್ನು ಎಂದುಕೊಂಡೇ ಅವ್ವನ ಎದೆ ಒಡೆದಿತ್ತು. ಹಿರೇಕೆರೂರಿನ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹೊಲ, ಎತ್ತು, ಮಾತಿನಲ್ಲಿ ಮೆದುವಾದ ವರ. ತೊನ್ನಿನ ಹುಡುಗಿ ಎಂದು ಒಬ್ಬರ ಬಾಯಿಗೆ ಬಿದ್ದರೆ ಮುಗಿಯಿತು, ಊರ ಬಾಯಿ ಮುಚ್ಚುವವರು ಯಾರು?

ಅವ್ವ ತನಗೆ ತಿಳಿದ ಔಷಧವನ್ನೆಲ್ಲ ಮಾಡಿದಳು. ಬಾವಂಚಿ ಬೀಜ ತೇಯ್ದು ಹಚ್ಚಿ ಅಕ್ಕನನ್ನು ಹಿತ್ತಲ ಬಿಸಿಲಿಗೆ ಕೂರಿಸಿದಳು. ಬೇವಿನ ಸೊಪ್ಪು ಅರೆದು ಕಟ್ಟಿದಳು. ಕಲೆ ಜಪ್ಪಯ್ಯ ಅನ್ನಲಿಲ್ಲ. ಅಪ್ಪ ಒಮ್ಮೆ, “ಸವಣೂರಾಗ ಡಾಕ್ಟರ ಅದಾನಂತ, ತೋರ್ಸೂಣೇನ?” ಎಂದ. ಅವ್ವ ಅವನ ಮೇಲೆ ಹರಿಹಾಯ್ದಳು: “ಊರಿಗೆಲ್ಲಾ ಡಂಗುರಾ ಹೊಡಸ್ತೀರೇನು? ಸುಮ್ನ ಕುಂಡ್ರಿ.” ಅಪ್ಪ ಸುಮ್ಮನೆ ಕೂತ. ಹಾಗೆ ಅವನು ಸುಮ್ಮನೆ ಕೂರಬಾರದಿತ್ತು.

ಸಂತೆಯ ದಿನ ಹಚ್ಚೆ ಹಾಕುವವಳು ನಮ್ಮ ಓಣಿಗೆ ಬಂದಳು. ಲಗ್ನಕ್ಕೆ ಮುಂಚೆ ಹುಡುಗಿಗೆ ಹಚ್ಚೆ ಹಾಕಿಸುವುದು ನಮ್ಮಲ್ಲಿ ಪದ್ಧತಿಯೇ. ಅವ್ವನಿಗೆ ದಾರಿ ಹೊಳೆದದ್ದು ಆಗ. ಕಲೆಯ ಮೇಲೆಯೇ ಹಚ್ಚೆ ಬಿದ್ದರೆ ಕಲೆ ಎಲ್ಲಿ ಕಂಡೀತು?

“ಏನ್ ಬರೀಲಿ, ನನ್ನವ್ವ?” ಎಂದು ಕಟ್ಟೆಯ ಮೇಲೆ ಕೂತ ಹಚ್ಚೆಯವಳು ಕೇಳಿದಳು.

“ನವಿಲು” ಎಂದಳು ಅಕ್ಕ. ಬಂಕಾಪುರದ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಕೋಟೆಯ ಬಳಿ ನವಿಲು ನೋಡಿ ಹುಚ್ಚಾಗಿ ಬರುತ್ತಿದ್ದಳು.

ಅವ್ವ ಕಲೆಯ ಮೇಲೆ ಬೆರಳಿಟ್ಟು, “ನವಿಲಿನ ಮೈ ಇಲ್ಲೇ ಬರ್ಲಿ. ಪೂರಾ ತುಂಬಸು. ಗರಿ ಬೇಕಾದ ಕಡೆ ಹೋಗ್ಲಿ” ಎಂದಳು.

ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳ ಕಟ್ಟು ಹಿಡಿದು ಅವಳು ಶುರು ಮಾಡಿದಳು. ಕಲೆಯ ಮೇಲೆ ಕಾಡಿಗೆ ಬಿದ್ದ ಮೇಲೆ ಓಣಿಯ ಹೆಂಗಸರೆಲ್ಲ ಸುತ್ತ ಬಂದು ಕೂತರು. ಸೂಜಿ ಕಚಕಚ ಇಳಿಯುತ್ತಿತ್ತು, ರಕ್ತ ಜಿನುಗುತ್ತಿತ್ತು. ಅಕ್ಕ ಮಾತ್ರ ನನ್ನ ಕಡೆ ನೋಡಿ, “ಏ, ಬಾಯಿ ತಕ್ಕೊಂಡು ಏನ್ ನೋಡ್ತೀ? ನಿನಗೂ ಹಾಕಸ್ತೇನಿ ತಡಿ” ಎಂದು ಕಾಡಿಸುತ್ತಿದ್ದಳು. ಹಚ್ಚೆಯವಳು ಬೆರಗಾಗಿ ಅವ್ವನ ಕಡೆ ತಿರುಗಿದಳು. “ಗಂಡಸರೂ ಅಳ್ತಾರ್ರಿ ಅಕ್ಕಾರ. ಇಂಥಾ ಗಟ್ಟಿಗಿತ್ತೀನ್ನ ನಾ ನೋಡಿಲ್ಲ” ಎಂದಳು. ಅವ್ವನ ಮೋರೆ ಅರಳಿತು. ಒಳಗೆ ಹೋಗಿ ಒಂದು ತುಂಡು ಬೆಲ್ಲ ತಂದು ಅಕ್ಕನ ಬಾಯಿಗಿಟ್ಟಳು.

ಮೈ ಮುಗಿದು ಗರಿ ಶುರುವಾದದ್ದೇ ತಡ, ಅಕ್ಕ “ಅಯ್ಯಯ್ಯವ್ವಾ!” ಎಂದು ಒದರಿ ಕೈ ಕಿತ್ತುಕೊಂಡಳು. ಕಣ್ಣಲ್ಲಿ ದಳದಳ ನೀರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. “ಮೈ ಸುಮ್ನಿತ್ತು, ಗರಿ ಕಚ್ಚಾಕತ್ತೈತೇನ?” ಎಂದು ಹಚ್ಚೆಯವಳು ಅಂದದ್ದಕ್ಕೆ ಮತ್ತಷ್ಟು ನಕ್ಕೆವು. ಬೆಲ್ಲ ತಿಂದ ಮೇಲೆ ಧೈರ್ಯ ಕರಗಿತು ಎಂದುಕೊಂಡೆವು. ಅಲ್ಲಿ ಅಷ್ಟು ಜನ ಹೆಂಗಸರಿದ್ದರು, ಎಲ್ಲರೂ ಮಕ್ಕಳನ್ನು ಹೆತ್ತು ಸಾಕಿದವರು. ಒಬ್ಬರಿಗಾದರೂ ಅನುಮಾನ ಬರಬಾರದಿತ್ತೆ?

ಲಗ್ನವಾಯಿತು. ನವಿಲನ್ನು ಬೀಗರೂ ಮೆಚ್ಚಿದರು. ಹಿರೇಕೆರೂರಿನಿಂದ ಬಂದವರೆಲ್ಲ ಅಕ್ಕನ ಕೆಲಸವನ್ನು ಹೊಗಳುವವರೇ. ಅವಳ ಅತ್ತೆಯಂತೂ, “ನಿಮ್ಮ ಮಗಳು ಬೆಂಕಿಗೂ ಅಂಜೂದಿಲ್ಲ ಬಿಡ್ರಿ, ಹಂಚಿನ ಮ್ಯಾಲಿನ ರೊಟ್ಟಿ ಬರೇ ಕೈಲೆ ತಗೀತಾಳ” ಎಂದಿದ್ದಳು. ಅವ್ವ ಈ ಮಾತನ್ನು ಓಣಿ ತುಂಬ ಹೇಳಿಕೊಂಡು ಬಂದಳು. ಎರಡನೆಯ ಸಲವೂ ನಮಗೆ ತಿಳಿಯಲಿಲ್ಲ.

ಆಮೇಲೆ ಹಾಗೆ ರೊಟ್ಟಿ ತೆಗೆದು ಸುಟ್ಟ ಅಕ್ಕನ ಕೈಯ ಗಾಯ ಮಾಯಲಿಲ್ಲ. ಕಿರುಬೆರಳು ಮಡಚಿಕೊಂಡಿತು, ಅದರ ಪಕ್ಕದ್ದೂ ಬಾಗಿತು. ಬೆನ್ನ ಮೇಲೆ ಅಂಥವೇ ಕಲೆಗಳೆದ್ದವು. ಒಂದು ದಿನ ಭಾವ ಅವಳನ್ನು ಗಂಟುಮೂಟೆ ಸಮೇತ ತಂದು ಬಿಟ್ಟ. ಅಪ್ಪ ಕೊಟ್ಟ ನೀರನ್ನೂ ಕುಡಿಯದೆ ಗಾಡಿ ತಿರುಗಿಸಿದ. ವರ್ಷ ತಿರುಗುವುದರಲ್ಲಿ ಬೇರೆ ಹೆಂಡತಿ ಬಂದಳು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸುಳ್ಳು ಯಾಕೆ ಹೇಳಲಿ?

ಆಗ ಸವಣೂರಿಗೆ ಹೋದೆವು. ಅಪ್ಪ, ಅವ್ವ, ಅಕ್ಕ, ಮತ್ತೆ ಅವ್ವನ ಸೆರಗು ಬಿಡದ ನಾನು. ಬಂಕಾಪುರದ ಹತ್ತಿರ ಮೋಟಾರು ನಿಂತಾಗ ಕೋಟೆಯ ಕಡೆಯಿಂದ ನವಿಲು ಕೂಗಿತು. ಅಕ್ಕ ತಲೆ ಎತ್ತಲಿಲ್ಲ.

ಡಾಕ್ಟರು ವಯಸ್ಸಾದ ಮನುಷ್ಯ. ಅಕ್ಕನಿಗೆ ಕಣ್ಣು ಮುಚ್ಚಿಸಿ, “ಚುಚ್ಚಿದ್ದು ಗೊತ್ತಾದ್ರ ಹೂಂ ಅನ್ನು, ತಂಗಿ” ಎಂದರು. ಟಾಚಣಿ ಸೂಜಿಯನ್ನು ನವಿಲಿನ ಗರಿಗೆ ಮುಟ್ಟಿಸಿದರು. “ಹೂಂ.” ಇನ್ನೊಂದು ಗರಿ. “ಹೂಂ.” ನವಿಲಿನ ಮೈಗೆ ಚುಚ್ಚಿದರು. ಅಕ್ಕ ಸುಮ್ಮನಿದ್ದಳು. ನವಿಲಿನ ಎದೆಗೆ, ಹೊಟ್ಟೆಗೆ ಚುಚ್ಚಿದರು. ಕಣ್ಣು ಮುಚ್ಚಿಕೊಂಡು, ಯಾವಾಗ ಚುಚ್ಚುತ್ತಾರೋ ಎಂದು ಕಾಯುತ್ತ ಕೂತಿದ್ದಳು.

“ಈ ಹಚ್ಚಿ ಹಾಕೂಮುಂದ ಅತ್ತಿದ್ಲೇನು?” ಎಂದು ಡಾಕ್ಟರು ಅವ್ವನನ್ನು ಕೇಳಿದರು.

ಅವ್ವ ಗೋಡೆ ಹಿಡಿದು ಕೆಳಗೆ ಕೂತಳು. “ಮೈಗೆ ಅಳಲಿಲ್ರೀ” ಎಂದಳು. “ಗರಿಗೆ ಅತ್ಲು.”

ಅದು ತೊನ್ನಲ್ಲ, ದೊಡ್ಡ ರೋಗ ಎಂದು ಡಾಕ್ಟರು ಮೆಲ್ಲಗೆ ತಿಳಿಸಿದರು. ಊರಲ್ಲಿ ಕುಷ್ಠ ಎನ್ನುವುದು ಅದನ್ನೇ. ನರ ಸತ್ತ ಕಡೆ ಚರ್ಮಕ್ಕೆ ನೋವು ತಿಳಿಯುವುದಿಲ್ಲವಂತೆ. “ಕಲಿ ಒಂದ ಇದ್ದಾಗ ಬಂದಿದ್ರ…” ಎಂದು ಶುರು ಮಾಡಿ, ಅವ್ವನ ಮೋರೆ ನೋಡಿ ಮಾತು ನುಂಗಿಕೊಂಡರು.

ಆಗಿನ ಔಷಧವೆಂದರೆ ಚಾಲಮೊಗರಾ ಎಣ್ಣೆ. ವಾರವಾರ ದಪ್ಪ ಸೂಜಿಯಲ್ಲಿ ಅದನ್ನು ಮಾಂಸಕ್ಕೆ ಇಳಿಸುತ್ತಿದ್ದರು. ಎಣ್ಣೆ ಕರಗದೆ ಗಂಟು ಕಟ್ಟುತ್ತಿತ್ತು, ಜ್ವರ ಬರುತ್ತಿತ್ತು. ಹಚ್ಚೆಗೆ ನಕ್ಕವಳು ಈ ಸೂಜಿಗೆ ಕೂಸಿನಂತೆ ಅಳುತ್ತಿದ್ದಳು. ಅಪ್ಪ ಅವಳನ್ನು ವರ್ಷಾನುಗಟ್ಟಲೆ ಕರೆದೊಯ್ದ. ರೋಗ ಸ್ವಲ್ಪ ತಡೆಯಿತು, ಹೋಗಲಿಲ್ಲ. ಓಣಿಯವರು ನಮ್ಮ ಮನೆಯ ನೀರು ಬಿಟ್ಟರು. ಅಂದು ಕಟ್ಟೆ ತುಂಬ ಕೂತು ನಕ್ಕವರೇ ಇವರು.

ಸ್ವಾತಂತ್ರ್ಯ ಬಂದ ಮೇಲೆ ಒಂದು ದಿನ ಅದೇ ಡಾಕ್ಟರು ಹೊಸ ಗುಳಿಗೆ ಕೊಟ್ಟರು. ಬರೇ ಗುಳಿಗೆ, ನೀರಿನ ಜೊತೆ ನುಂಗುವುದು. ಕಲೆಗಳು ತಿಳಿಯಾಗುತ್ತ ಬಂದವು, ಹೊಸವು ಏಳಲಿಲ್ಲ. ಇನ್ನು ಯಾರಿಗೂ ಅಂಟುವ ಭಯವಿಲ್ಲ, ಎಲ್ಲರೊಡನೆ ಉಣ್ಣಬಹುದು ಎಂದರು ಡಾಕ್ಟರು. ಅಪ್ಪ ಅಲ್ಲೇ ಅವರ ಕಾಲಿಗೆ ಬಿದ್ದ. ಅಕ್ಕ ಮಾತ್ರ ಮಡಚಿದ ಬೆರಳು ಮುಂದೆ ಹಿಡಿದು, “ಇವು?” ಎಂದಳು. ಅವು ಇನ್ನು ನೆಟ್ಟಗಾಗುವುದಿಲ್ಲವೆಂದು ಡಾಕ್ಟರು ತಲೆ ಅಲ್ಲಾಡಿಸಿದರು. “ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು” ಎಂದು ಅವ್ವ ಹಣೆ ಬಡಿದುಕೊಂಡಳು. ಬೈದುಕೊಂಡದ್ದು ತನ್ನನ್ನೇ.

ಅಕ್ಕನ ಸುದ್ದಿಗೆ ಹೆದರಿ ನನ್ನನ್ನು ಕೇಳಲು ಯಾರೂ ಬಂದಿರಲಿಲ್ಲ. ಕೊನೆಗೆ ಎಲ್ಲ ತಿಳಿದೂ ಶಿಗ್ಗಾಂವಿಯ ಒಂದು ಮನೆತನ ಒಪ್ಪಿತು. ಲಗ್ನ ಹತ್ತಿರ ಬಂದಾಗ ಅದೇ ಹಚ್ಚೆಯವಳು ಬಂದಳು. ಮುದುಕಿಯಾಗಿದ್ದಳು. ಅವ್ವನೇ ಅವಳನ್ನು ಕರೆದು ಕೂರಿಸಿದಳು. ನನಗೆ ಆಶ್ಚರ್ಯವಾಯಿತು.

ಸೂಜಿ ಇಳಿಯಿತು. ಜೀವ ಹೋದಂತಾಯಿತು. ಆದರೂ ಅಕ್ಕನ ತಂಗಿಯಲ್ಲವೇ ನಾನು, ಹಲ್ಲು ಕಚ್ಚಿ ಕೂತೆ. ಅವ್ವ ಎದುರಿಗೆ ಬಂದು ನನ್ನ ಮೋರೆಯನ್ನೇ ನೋಡುತ್ತಿದ್ದಳು. “ನೋಯ್ತೇನ?” ಎಂದಳು. ನಾನು ಇಲ್ಲವೆಂದು ತಲೆ ಆಡಿಸಿದೆ. ಅವಳ ಬಣ್ಣವೇ ಇಳಿಯಿತು. ನನ್ನ ಎರಡೂ ಭುಜ ಹಿಡಿದು ಅಲುಗಿಸಿದಳು. “ಅಳು, ನನ್ನವ್ವ! ಒದರು! ನಿನ್ನ ಕಾಲಿಗೆ ಬೀಳ್ತೇನಿ, ಒದರು!”

ಆಗ ತಿಳಿಯಿತು. ಓಣಿಗೆಲ್ಲ ಕೇಳುವ ಹಾಗೆ ಒದರಿದೆ. ಅವ್ವ ನನ್ನನ್ನು ಅವುಚಿಕೊಂಡು, ಅಷ್ಟು ವರ್ಷದ್ದನ್ನೆಲ್ಲ ಅತ್ತಳು. ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದ ಬೆಲ್ಲದ ತುಂಡು ತೆಗೆದು ನನ್ನ ಬಾಯಿಗಿಟ್ಟಳು.

ಹೊಸ್ತಿಲ ಒಳಗೆ ಅಕ್ಕ ಕೂತಿದ್ದಳು, ನವಿಲಿದ್ದ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು.

“ಇನ್ನೊಂದ್ ಸಲ ಒದರು, ತಂಗಿ” ಎಂದಳು. “ಅವ್ವಗ ಸಮಾಧಾನ ಆಗ್ಲಿ.”

ಸೂಜಿ ಆಗ ನನ್ನ ಕೈಗೆ ತಾಕಿರಲಿಲ್ಲ. ಆದರೂ ಒದರಿದೆ.