ಆ ಮನುಷ್ಯನ ಜಾಗ

ನಮ್ಮ ಸೋದರಮಾವ ಹೊಸಪೇಟೆ ತಂಡದ ಭಾರೀ ಬ್ಯಾಟ್ಸ್‌ಮನ್. ಸಂಡೂರಿನ ಮೈದಾನದಲ್ಲಿ ಅವರು ಹೊಡೆದ ಚೆಂಡೊಂದು ಹುಣಸೆಮರ ದಾಟಿ ಹೋಗಿತ್ತು. ಸಂಡೂರಿನವರು ಊರಿಗೆ ಬಂದ ಬೀಗರನ್ನೆಲ್ಲ ಕರೆದೊಯ್ದು ಆ ಮರ ತೋರಿಸುತ್ತಿದ್ದರಂತೆ. ಹಾಗಂತ ಹೇಳುತ್ತಿದ್ದವರು ಮಾವನೇ. ಅಲ್ಲಿನ ಕೆಂಪು ಮಣ್ಣು ಹತ್ತಿದ ಬಿಳಿ ಪ್ಯಾಂಟು ಕಂಡರೆ ನಮ್ಮವ್ವ ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು. ಆದರೆ ತಮ್ಮನ ಪ್ಯಾಂಟನ್ನು ಅಗಸರ ಕೈಗೆ ಕೊಡದೆ ತಾನೇ ಒಗೆಯುತ್ತಿದ್ದಳು.

ನನ್ನ ಕೈಗೆ ಬ್ಯಾಟು ಕೊಟ್ಟವರೂ ಮಾವನೇ. ನಮ್ಮ ಅಕ್ಕಿ ಗಿರಣಿಯಲ್ಲಿ ಭತ್ತ ಒಣಹಾಕುವ ಅಂಗಳವೇ ನಮ್ಮ ಶಾಲೆ. ಎರಡನೇ ಮಹಾಯುದ್ಧ ನಡೆದಿದ್ದಾಗ ಒಂದು ವರ್ಷ ನಾನು ಕ್ಯಾಪ್ಟನ್ ಆದೆ. ಆಟ ಚೆನ್ನಾಗಿ ಬರುತ್ತಿತ್ತು ಅಂತಲ್ಲ, ಅಂಗಳ ನಮ್ಮದಾಗಿತ್ತು. ನನ್ನ ಗ್ರಹಚಾರಕ್ಕೆ ಆ ವರ್ಷವೇ ಮಾವನ ಆಟ ಕೈಕೊಟ್ಟಿತು. ಮೈದಾನಕ್ಕೆ ಹೋದಷ್ಟೇ ಬೇಗ ವಾಪಸು ಬರತೊಡಗಿದರು. ಕಂಪ್ಲಿಯವರ ಮೇಲಿನ ಪಂದ್ಯ ಹತ್ತಿರ ಬಂದಿತ್ತು. ಮಾವನನ್ನು ಆಡಿಸಬೇಕೋ ಬಿಡಬೇಕೋ ಎಂಬ ಪಂಚಾಯಿತಿ ಗಿರಣಿ ಅಂಗಳದಲ್ಲೇ ಸೇರಿತು.

ನಮ್ಮ ತಂಡದ ಒಂದು ಪದ್ಧತಿ ಹೇಳಬೇಕು. ಯಾರ ಜಾಗದ ಬಗ್ಗೆ ಮಾತೋ ಅವರೂ ಎಲ್ಲರ ನಡುವೆ ಕೂರಬೇಕು. ಆದರೆ ಅವರನ್ನು 'ಆ ಮನುಷ್ಯ' ಎಂದೇ ಕರೆಯಬೇಕು, ಅವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಅವರೂ ತಮ್ಮನ್ನು ಹಾಗೆಯೇ ಕರೆದುಕೊಳ್ಳಬೇಕು. ಹಿಂದೊಮ್ಮೆ ಒಬ್ಬರ ಮುಖಕ್ಕೇ 'ನೀ ಬ್ಯಾಡ' ಎಂದದ್ದಕ್ಕೆ ಎರಡು ಮನೆಗಳ ಬೀಗತನ ಮುರಿದುಬಿದ್ದಿತ್ತು. ಆಮೇಲೆ ಹಿರಿಯರು ಮಾಡಿದ ಕಟ್ಟಳೆ ಇದು. ಹೊರಗಿನವರಿಗೆ ಹುಚ್ಚರ ಸಂತೆ ಅನ್ನಿಸಬಹುದು, ನಮಗೆ ಅನ್ನಿಸುತ್ತಿರಲಿಲ್ಲ.

ಚೀಲಗಳ ಮೇಲೆ ಕುಳಿತೆವು. ನಡುವೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೊದಲು ಬಾಯಿ ತೆರೆದವರು ನಮ್ಮ ಬೌಲರ್, ರೈಲ್ವೆ ಸ್ಟೇಷನ್ನಿನ ಗುಮಾಸ್ತರು. ಮಾವನೆದುರು ಬೀಡಿ ಸೇದಲೂ ಹೆದರುತ್ತಿದ್ದ ಪ್ರಾಣಿ, ಆವತ್ತು ಏಕವಚನ ಸಿಕ್ಕ ಖುಷಿಯಲ್ಲಿದ್ದರು.

"ಆ ಮನಷ್ಯಾನ್ನ ಬಿಡ್ರಿ. ಈ ವರ್ಷ ಅಂವ ಏನ್ ಕಿಸದಾನ?"

ಬಾಳೆಹಣ್ಣಿನ ವ್ಯಾಪಾರಿ, ನಮ್ಮ ವಿಕೆಟ್ ಕೀಪರ್, ಎದ್ದೇ ನಿಂತರು. "ಹಂಗ ಅನಬ್ಯಾಡ್ರಿ. ಅಂವ ಬಂದಾನಂದ್ರ ಕಂಪ್ಲಿಯವ್ರು ಹೆದರಿ ಅರ್ಧ ಮಂದೀನ ಬೌಂಡರಿಗೆ ಕಳಸ್ತಾರ. ಆನಿ ಇದ್ರೂ ಸಾವಿರ, ಸತ್ರೂ ಸಾವಿರ!"

"ಸತ್ತ ಆನೀಗೆ ರನ್ ಓಡಾಕ ಬರ್ತೈತೇನ್ರಿ?" ಅಂದರು ಗುಮಾಸ್ತರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ನಕ್ಕು ಮುಗಿಸಿ ವಾದಕ್ಕೆ ಇಳಿದರು. "ಆ ಮನಷ್ಯಾ ನನಗ ಚಲೋ ಗೊತ್ತು. ಒಂದು ವರ್ಷ ಮಳಿ ಬರಲಿಲ್ಲಂತ ಬಾವಿ ಮುಚ್ಚತೀರೇನು? ಸಂಡೂರಾಗ ಹೊಡದದ್ದು ನೀವು ಮರತ್ರೂ ಆ ಹುಣಸಿಮರ ಮರತಿಲ್ಲ."

ನನಗೆ ಒಳಗೊಳಗೇ ಹಿಗ್ಗು. ಇನ್ನೊಂದಿಷ್ಟು ಹೀಗೇ ಮಾತಾಡಿದರೆ ಮಾವನೇ ಗೆಲ್ಲುತ್ತಾರೆ, ನಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಅಂದುಕೊಂಡೆ. ಆದರೆ ಗುಮಾಸ್ತರು ಬಿಡಲಿಲ್ಲ. ಅವರ ದನಿ ಮಾತ್ರ ಈಗ ಮೆತ್ತಗಾಗಿತ್ತು.

"ಒಪ್ಪಿದೆ. ಆದ್ರ ನೆಟ್ಟಗ ಬಂದ ಚೆಂಡಿಗೂ ಆ ಮನಷ್ಯಾ ಬ್ಯಾಟ್ ಎತ್ತಂಗಿಲ್ಲಲ್ರಿ, ಯಾಕ?"

ಮಾವ ಕೈಗೆತ್ತಿಕೊಂಡ ಬಜ್ಜಿಯನ್ನು ತಿರುಗಿ ತಟ್ಟೆಯಲ್ಲಿಟ್ಟರು.

"ಆ ಮನಷ್ಯಾಗ ಚೆಂಡು ಕಾಣಂಗಿಲ್ಲ" ಅಂದರು. "ಬೌಲರ್ ಕೈ ಬೀಸೋದು ಕಾಣತೈತಿ. ಆಮ್ಯಾಲೆ ಹಿಂದ ಸ್ಟಂಪ್ ಉರುಳಿದ ಸಪ್ಪಳ ಕೇಳತೈತಿ, ಅಷ್ಟ. ಮನ್ಯಾಗೂ ಯಾರಿಗೂ ಹೇಳಿಲ್ಲ ಅಂವ. ಅಕ್ಕಗೂ ಹೇಳಿಲ್ಲ."

ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. 'ನನಗ ಕಾಣಂಗಿಲ್ಲ' ಎಂದು ಮಾವ ಸತ್ತರೂ ಹೇಳುತ್ತಿರಲಿಲ್ಲ. ನಾನು ಎಂಥ ಕುರುಡ! ದಿನಾ ಜೊತೆಗೆ ಉಣ್ಣುವವನಿಗೆ ತಿಳಿದಿರಲಿಲ್ಲ. ಅಳು ಬಂತು, ಎಲ್ಲರೆದುರೇ ಅತ್ತೆ.

"ಕ್ಯಾಪ್ಟನ್ ಏನಂತಾನ?" ಮಾವ ಕೇಳಿದರು. ಪದ್ಧತಿಯ ಪ್ರಕಾರ ಕೊನೆಯ ಮಾತು ನನ್ನದು.

"ಆ ಮನಷ್ಯಾ ಇಲ್ಲದ ಆಟ ಅವನ ಅಳಿಯ ಒಂದೂ ಆಡಿಲ್ಲ" ಅಂದೆ. "ಆದ್ರೂ ಕಂಪ್ಲಿಗೆ ಅಂವ ಬ್ಯಾಡ."

ಮಾವ ಎದ್ದು ಧೋತರ ಕೊಡವಿಕೊಂಡು, "ಆತು. ನೀ ಯಾಕ ಅಳ್ತೀಯೋ ಲೇ? ಆ ಮನಷ್ಯಾಗ ನಾ ಹೇಳ್ತೀನಿ" ಎಂದು ಹೊರಟುಹೋದರು.

ಮರುದಿನ ಬೆಳಿಗ್ಗೆ ಅವರು ಗಿರಣಿಗೆ ಬಂದಾಗ ನನಗೆ ಮುಖ ಎತ್ತಲಾಗಲಿಲ್ಲ. ಪಂಚಾಯಿತಿ ಮುಗಿದಿತ್ತು, 'ಆ ಮನುಷ್ಯ' ಅನ್ನುವ ಅಗತ್ಯ ಇನ್ನಿರಲಿಲ್ಲ. ಆದರೂ ಕೇಳಿದೆ.

"ಅವಗ ಹೇಳಿದ್ರೇನ್ರಿ ಮಾವ?"

"ಹೇಳಿದೆ."

"ಏನಂದ?"

"ಅಳಿಯ ಅತ್ನೇನು ಅಂತ ಕೇಳಿದ. ಹೂಂ ಅಂದೆ." ಮಾವ ಬಗಲಲ್ಲಿದ್ದ ಬ್ಯಾಟನ್ನು ನನ್ನ ಮುಂದಿಟ್ಟರು. ಹೊಸದಾಗಿ ಎಣ್ಣೆ ಕುಡಿಸಿ ಒರೆಸಿದ್ದರು. "ಹಂಗಾದ್ರ ಇದನ್ನ ಅವಗ ಕೊಡು ಅಂದ. ಮತ್ತ, ಕಂಪ್ಲಿ ಬಸ್ಸಿನ್ಯಾಗ ತನಗೂ ಒಂದು ಸೀಟು ಹಿಡೀಲಿ ಅಂದ."

ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತಾ ಹೋಗುವ ಬಸ್ಸು ಅದು. ಮುಂದಿನ ಸೀಟನ್ನೇ ಹಿಡಿದೆ. ಕಂಪ್ಲಿ ಮುಟ್ಟುವವರೆಗೂ ಮಾವ ನನ್ನ ಎಡ ಮೊಣಕೈ ಹಿಡಿದು, ಅಲ್ಲಿನ ಬೌಲರನನ್ನು ಹೇಗೆ ಆಡಬೇಕೆಂದು ಹೇಳಿಕೊಡುತ್ತಲೇ ಇದ್ದರು.