ಮಗ್ಗಿನ ನೀರು

“ವೈಪರ್‌ಗೆ ಬುದ್ಧಿ ಅಂತ ಇಲ್ಲ ಅಕ್ಕ. ಆ ಕಡೆ ಹೋಗೋದು, ಈ ಕಡೆ ಬರೋದು, ಅಷ್ಟೇ ಅದಕ್ಕೆ ಗೊತ್ತು. ಬಾನೆಟ್ ಒಳಗೆ ಒಂದು ಸಣ್ಣ ಮೋಟಾರು ಒಂದೇ ದಿಕ್ಕಿಗೆ ಸುತ್ತುತ್ತಾ ಇರುತ್ತೆ. ನಿನ್ನ ಹೊಲಿಗೆ ಮೆಷಿನ್ ಇದೆಯಲ್ಲ, ಕಾಲಲ್ಲಿ ಹಲಗೆ ಆಡಿಸಿದ್ರೆ ಚಕ್ರ ಸುತ್ತುತ್ತೆ. ಇದು ಅದನ್ನೇ ತಿರುಗಿಸಿ ಇಟ್ಟ ಹಾಗೆ. ಸುತ್ತೋದು ಮೋಟಾರು, ಆಡೋದು ಕಡ್ಡಿ, ನಡುವೆ ಎರಡು ಮೂರು ಸರಳು. ಕಡ್ಡಿಗೊಂದು ಸ್ಪ್ರಿಂಗು, ಗಾಜಿನ ಕಡೆಗೆ ರಬ್ಬರು. ಸ್ಪ್ರಿಂಗು ಆ ರಬ್ಬರನ್ನ ಗಾಜಿಗೆ ಒತ್ತಿ ಹಿಡೀಬೇಕು. ಸ್ಪ್ರಿಂಗು ಸೋತಿದ್ರೆ ಗಾಜಿನ ನಡುಮಧ್ಯ ಹಾಗೇ ಉಳಿಯುತ್ತೆ. ರಬ್ಬರು ಬಿಸಿಲಿಗೆ ಒಣಗಿದ್ರೆ ಟಕಟಕ ಕುಣೀತಾ ಹೋಗಿ ಗೆರೆ ಬಿಡುತ್ತೆ. ಇದನ್ನೆಲ್ಲ ಕಣ್ಣು ಮುಚ್ಕೊಂಡು, ಬರೀ ಸದ್ದು ಕೇಳಿ ಹೇಳ್ತೀನಿ ನಾನು. ಆದ್ರೆ ವೈಪರ್ ಎಷ್ಟೇ ಚೆನ್ನಾಗಿರ್ಲಿ, ಒಣಗಾಜಿನ ಮೇಲೆ ಕೆಸರು ಬಿದ್ರೆ ಅದು ಒರೆಸಲ್ಲ, ಬಳಿಯುತ್ತೆ. ಗೋಡೆಗೆ ಮಣ್ಣು ಬಳಿದ ಹಾಗೆ. ಅದಕ್ಕೇ ನೀರು ಬೇಕು. ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ಬುಡದಲ್ಲಿ ಪಂಪು, ಪಂಪಿಂದ ಕಿರುಬೆರಳಿಗಿಂತ ಸಣ್ಣ ಪೈಪು, ಪೈಪಿನ ತುದೀಲಿ ಸೂಜಿ ಹೋಗೋವಷ್ಟು ತೂತು. ಬಟನ್ ಒತ್ತಿದ್ರೆ ನೀರು ಚಿಮ್ಮಿ ವೈಪರ್ ಒರೆಸೋ ಜಾಗಕ್ಕೇ ಬೀಳಬೇಕು. ಬಿತ್ತಾ ಅಂತ ನೋಡೋದೇ ನನ್ನ ಕೆಲಸ, ಅದಕ್ಕೇ ನನಗೆ ಸಂಬಳ. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದೆ. ಮಗ್ಗಲ್ಲಿ ನೀರು ಹಾಕಿ ‘ಗಾಜು ಸರಿ’ ಅಂತ ಕೂಗಿಬಿಟ್ಟೆ.”

ನನ್ನ ತಮ್ಮ ಇಷ್ಟನ್ನೂ ಹೇಳಿದ್ದು ಹಿತ್ತಲ ಮೆಟ್ಟಿಲ ಮೇಲೆ ಕೂತು, ನನ್ನ ಮುಖ ನೋಡದೆ. ಅವನ ಎದುರಿಗೆ ಬಕೆಟ್ಟಿತ್ತು, ಬಕೆಟ್ಟಿನಲ್ಲಿ ಹಳದಿ ಬಟ್ಟೆಗಳು ನೆನೆಯುತ್ತಿದ್ದವು. ಅವನು ಅವುಗಳಿಗೇ ಹೇಳಿಕೊಳ್ಳುತ್ತಿದ್ದ ಹಾಗಿತ್ತು.

ಅವನ ಕೆಲಸ ಗಾಡಿ ತಪಾಸಣೆಯ ಶೆಡ್ಡಿನಲ್ಲಿ. ಗಾಡಿಗಳು ಸಾಲಾಗಿ ಒಳಗೆ ಬರುತ್ತವೆ. ಒಬ್ಬ ಬ್ರೇಕು ನೋಡುತ್ತಾನೆ, ಒಬ್ಬ ದೀಪ, ಒಬ್ಬ ಹೊಗೆ. ಗಾಜು ನನ್ನ ತಮ್ಮನದು. ಒಬ್ಬೊಬ್ಬರೂ ತಮ್ಮ ಭಾಗ ನೋಡಿ ಮುಗಿಸಿ ಗಟ್ಟಿಯಾಗಿ ಕೂಗಬೇಕು, ಬಾಗಿಲ ಬಳಿ ಕೂತವನು ಬರೆದುಕೊಳ್ಳುತ್ತಾನೆ. “ಗಾಜು ಸರಿ” ಎಂದು ಇವನು ಕೂಗುವುದು ಎದುರಿನ ರಸ್ತೆಗೂ ಕೇಳುತ್ತಿತ್ತು. ಅಲ್ಲಿಯ ಚಹಾದ ಅಂಗಡಿಯಲ್ಲಿ ಇವನಿಗೆ ಗಾಜಪ್ಪ ಎಂದೇ ಹೆಸರು.

ಚಿಕ್ಕಂದಿನಲ್ಲಿ ಅಪ್ಪ ತೀರಿಕೊಂಡ ಮೇಲೆ ನಾನು ಹೊಲಿಗೆ ಹಿಡಿದೆ, ಇವನು ಬಸ್ಸು ತೊಳೆಯಲು ಹೋದ. ಬಸ್ಸಿನ ಗಾಜನ್ನು ಹಳೆಯ ಪೇಪರಿನಲ್ಲಿ ಉಜ್ಜಿ ಉಜ್ಜಿ, ಗಾಜು ಇದೆಯೋ ಇಲ್ಲವೋ ತಿಳಿಯದ ಹಾಗೆ ಮಾಡುತ್ತಿದ್ದ. ಒಮ್ಮೆ ಒಬ್ಬ ಡ್ರೈವರು ಗಾಜು ಇಳಿಸಿದೆ ಎಂದುಕೊಂಡು ಅದಕ್ಕೇ ಉಗುಳಿದನಂತೆ. ಆ ಕಥೆಯನ್ನು ಇವನು ನೂರು ಸಲ ಹೇಳಿದ್ದಾನೆ. ಶೆಡ್ಡಿಗೆ ಸೇರಿದ ಮೇಲೂ ಆ ಚಾಳಿ ಹೋಗಲಿಲ್ಲ. ಮನೆಗೆ ಯಾರೇ ಬರಲಿ, ಅವರ ಕನ್ನಡಕ ಮಸುಕಾಗಿದ್ದರೆ ಕೇಳಿ ಇಸಿದುಕೊಂಡು ಒರೆಸಿ ಕೊಡುತ್ತಾನೆ. “ಹೆಣ್ಣು ನೋಡೋಕೆ ಬಂದಾಗ ನನ್ನ ಮುಖ ನೋಡ್ಲಿಲ್ಲ, ನಮ್ಮಪ್ಪನ ಕನ್ನಡಕ ನೋಡ್ತಾ ಕೂತಿದ್ರು” ಎಂದು ಅವನ ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಶೆಡ್ಡಿನಲ್ಲಿ ಗಾಜು ಒರೆಸುವ ಬಟ್ಟೆಗಳನ್ನು ದಿನವೂ ಮನೆಗೆ ತಂದು ತಾನೇ ತೊಳೆಯುತ್ತಾನೆ. ಬೇರೆಯವರು ತೊಳೆದರೆ ಸೋಪು ಉಳಿಯುತ್ತದಂತೆ, ಉಳಿದರೆ ಗಾಜಿಗೆ ಪೊರೆ ಕಟ್ಟುತ್ತದಂತೆ. ಇಂಥವನ ಕೈಯಿಂದ ತಪ್ಪಿಸಿಕೊಂಡು ಹೋದ ಗಾಡಿ ಇಲ್ಲ ಎಂದು ನಾವೆಲ್ಲ ಎದೆ ಉಬ್ಬಿಸಿಕೊಂಡಿದ್ದೆವು.

ತಪ್ಪಿಸಿಕೊಂಡು ಹೋದದ್ದು ಬೀಗರ ವ್ಯಾನು.

ತಮ್ಮನ ಒಬ್ಬಳೇ ಮಗಳನ್ನು ಕೊಟ್ಟ ಮನೆ ಅದು. ಅವಳ ಮಾವನಿಗೆ ಬ್ರೆಡ್ಡಿನ ವ್ಯಾನಿದೆ. ಬೆಳಗ್ಗೆ ಬೇಕರಿಯಿಂದ ತುಂಬಿಕೊಂಡು ಅಂಗಡಿ ಅಂಗಡಿಗೆ ಇಳಿಸುತ್ತಾರೆ. ದೊಡ್ಡ ಬಾಯಿ, ದೊಡ್ಡ ನಗು. ಮದುವೆಯ ಮಾತುಕತೆಗೆ ಬಂದಾಗಲೂ ಅವರು ಕೈಯಲ್ಲಿ ಹಿಡಿದು ತಂದದ್ದು ಬ್ರೆಡ್ಡೇ. ನಮ್ಮ ಹುಡುಗಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ ಮನುಷ್ಯ.

ಆ ದಿನ ಅವರು ವ್ಯಾನು ತಂದಾಗ ಹಿಂದೆ ಉದ್ದದ ಸಾಲಿತ್ತು. ಗಾಜಿನ ಸರದಿ ಬಂತು. ತಮ್ಮ ಎಂದಿನಂತೆ “ನೀರು ಬಿಡಿ” ಎಂದ. ಬೀಗರು ಬಟನ್ ಒತ್ತಿದರು. ಪಂಪು ಸದ್ದು ಮಾಡಿತು, ನೀರು ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಬರಲಿಲ್ಲ.

“ಡಬ್ಬಿ ಖಾಲಿಯಾಗಿರ್ಬೇಕು ಬೀಗರೇ. ತುಂಬಿಸ್ಕೊಂಡು ಬರ್ಲಾ?” ಎಂದು ಬೀಗರು ಕೇಳಿದರು.

ಶೆಡ್ಡಿನ ಪದ್ಧತಿ ಏನೆಂದರೆ, ನೀರು ಬರದಿದ್ದರೆ ಗಾಡಿ ಸಾಲಿನಿಂದ ಹೊರಗೆ ಹೋಗಬೇಕು. ಅಂಗಳದ ನಲ್ಲಿಯಲ್ಲಿ ಡಬ್ಬಿ ತುಂಬಿಸಿಕೊಂಡು ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಎಂಥೆಂಥವರನ್ನೋ ತಮ್ಮ ಹಾಗೆ ಕಳಿಸಿದ್ದಾನೆ, ಬೈಸಿಕೊಂಡೂ ಕಳಿಸಿದ್ದಾನೆ. ಆದರೆ ಮಗಳ ಮಾವನನ್ನು ಅಷ್ಟು ಜನರ ಎದುರಿಗೆ ಹಿಂದಕ್ಕೆ ಕಳಿಸಲು ಅವನ ನಾಲಿಗೆ ಏಳಲಿಲ್ಲ. ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ಗಾಜು ಗೀರುತ್ತದೆ ಎಂದು ಪಕ್ಕದಲ್ಲಿ ಬಕೆಟ್ಟು, ಮಗ್ಗು ಇಟ್ಟುಕೊಂಡಿರುತ್ತಾರೆ. ಆ ಮಗ್ಗಿನಲ್ಲಿ ನೀರು ತೆಗೆದು ಗಾಜಿನ ಮೇಲೆ ಸುರಿದ. ವೈಪರ್ ಚೆಂದಾಗಿ ಒರೆಸಿತು. ಒಂದು ಗೆರೆಯೂ ಉಳಿಯಲಿಲ್ಲ.

“ಮನೆಗೆ ಹೋಗಿ ತುಂಬಿಸ್ಕೊಳ್ಳಿ” ಎಂದು ಮೆಲ್ಲಗೆ ಹೇಳಿದ. ಆಮೇಲೆ “ಗಾಜು ಸರಿ” ಎಂದು ಕೂಗಿದ.

ಬೀಗರು ಮನೆಗೆ ಹೋಗಿ ಬಾನೆಟ್ ಎತ್ತಿದರೆ ಡಬ್ಬಿ ತುಂಬಿಯೇ ಇತ್ತು. ಸರಿ, ಅಲ್ಲಿ ಗಾಳಿ ಕಟ್ಟಿಕೊಂಡಿದ್ದಿರಬೇಕು ಎಂದುಕೊಂಡು ಮುಚ್ಚಿದರು. ಬೀಗರೇ ಸರಿ ಅಂದ ಮೇಲೆ ತಾನು ಮತ್ತೆ ಬಟನ್ ಒತ್ತಿ ನೋಡುವುದೇನು ಎಂದು ಅವರ ಲೆಕ್ಕ. ನಿಜವಾಗಿ ಗಾಜಿನ ಬುಡದ ತೂತಿನಿಂದ ಪೈಪಿನ ಮೇಲ್ತುದಿ ಕಳಚಿ ಬಿದ್ದಿತ್ತು. ಬಟನ್ ಒತ್ತಿದಾಗ ನೀರು ಗಾಜಿಗೆ ಹೋಗದೆ ಕೆಳಗೆ ನೆಲಕ್ಕೆ ಸುರಿಯುತ್ತಿತ್ತು. ಬೇರೆ ದಿನವಾಗಿದ್ದರೆ ತಮ್ಮ ಬಗ್ಗಿ ನೋಡಿ ಹಿಡಿಯುತ್ತಿದ್ದ. ಆ ದಿನ ಅವನೇ ಸುರಿದ ಮಗ್ಗಿನ ನೀರು ಇಳಿದು ನೆಲವೆಲ್ಲ ಒದ್ದೆಯಾಗಿತ್ತು. ಯಾವ ನೀರು ಎಲ್ಲಿಯದು ಎಂದು ಹೇಳುವ ಹಾಗಿರಲಿಲ್ಲ.

“ನೆಲ ಹೋಗ್ಲಿ ಅಕ್ಕ, ಕಿವಿ ಇತ್ತಲ್ಲ” ಎಂದ ತಮ್ಮ. “ನೀರಿಲ್ಲದ ಪಂಪು ಕೀರಲು ದನೀಲಿ ಕೂಗುತ್ತೆ. ನೀರಿರೋ ಪಂಪು ಗುಂಯ್ ಅನ್ನುತ್ತೆ. ಅವತ್ತು ಅದು ಗುಂಯ್ ಅಂತು. ನನಗೆ ಕೇಳಿಸ್ತು. ಕೇಳಿಸಿದ್ದನ್ನ ಕೇಳದೇ ಇರೋನ ಹಾಗೆ ಮಗ್ಗು ತಗೊಂಡೆ.”

ಆಮೇಲಿನದು ಹೆಚ್ಚು ದಿನ ಹಿಡಿಯಲಿಲ್ಲ. ಎಲ್ಲೋ ನೀರಿನ ಕೊಳವೆ ಒಡೆದು ರಸ್ತೆಯೆಲ್ಲ ರಾಡಿಯಾಗಿತ್ತು. ಬೀಗರ ವ್ಯಾನಿನ ಮುಂದೆ ಹೋಗುತ್ತಿದ್ದ ಟ್ಯಾಂಕರು ಗಾಜಿನ ತುಂಬ ಕೆಸರು ಎರಚಿತು. ಬೀಗರು ಬಟನ್ ಒತ್ತಿದರು, ನೀರಿಲ್ಲ. ವೈಪರ್ ಹಾಕಿದರು, ಅದು ಕೆಸರನ್ನು ಗಾಜಿನ ಉದ್ದಕ್ಕೂ ಬಳಿಯಿತು. ಕಣ್ಣು ಕಟ್ಟಿದ ಹಾಗಾಗಿ ಪಕ್ಕಕ್ಕೆ ತಿರುಗಿಸಿದರು. ವ್ಯಾನು ಫುಟ್‌ಪಾತಿಗೆ ಹತ್ತಿ, ಅಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದವನ ಕಾಲು ಮುರಿಯಿತು.

ತಪಾಸಣೆಯ ಸಾಹೇಬರು ಬೀಗರನ್ನೂ ತಮ್ಮನನ್ನೂ ಒಟ್ಟಿಗೇ ಕರೆಸಿದರು. ವ್ಯಾನು ಅಷ್ಟು ಹೊತ್ತಿಗೆ ಶೆಡ್ಡಿನ ಅಂಗಳಕ್ಕೆ ಬಂದಿತ್ತು. ತಮ್ಮ ಒಳಗೆ ಹೋಗುವ ಮೊದಲೇ ಬಾನೆಟ್ ಎತ್ತಿ ನೋಡಿಕೊಂಡಿದ್ದ. ಕಳಚಿದ ಪೈಪಿನ ಬಾಯಿಗೆ ಹಳೆಯ ಧೂಳು ಗಟ್ಟಿಯಾಗಿ ಕೂತಿತ್ತು. ನಿನ್ನೆ ಮೊನ್ನೆ ಕಳಚಿದ್ದಲ್ಲ.

“ನೀವು ನೋಡಿದಾಗ ನೀರು ಬಂದಿತ್ತಾ?” ಎಂದು ಸಾಹೇಬರು ಕೇಳಿದ್ದು ತಮ್ಮನನ್ನು. ಇವನು ಬಾಯಿ ತೆರೆಯುವುದರೊಳಗೆ ಬೀಗರು ಮುಂದೆ ಬಿದ್ದರು.

“ಬಂದಿತ್ತು ಸಾರ್, ಚೆನ್ನಾಗಿ ಬಂದಿತ್ತು. ಆಮೇಲೆ ನಾನೇ ಬ್ಯಾಟರಿ ತೆಗೆಯೋವಾಗ ಪೈಪು ಕಿತ್ಬಿಟ್ಟೆ. ನನ್ನದೇ ತಪ್ಪು.”

ಸಾಹೇಬರು ತಲೆಯಾಡಿಸಿದರು. ಬೀಗರ ಲೈಸೆನ್ಸು ತೆಗೆದಿಟ್ಟುಕೊಂಡರು. ಅದನ್ನು ರದ್ದು ಮಾಡುವ ತೀರ್ಮಾನ ವಾರದ ಕೊನೆಗೆ ಎಂದರು. ರದ್ದಾದರೆ ಬೇಕರಿಯವರು ಬೇರೆ ಗಾಡಿ ನೋಡಿಕೊಳ್ಳುತ್ತಾರೆ, ನಮ್ಮ ಹುಡುಗಿಯ ಮನೆಯ ಅನ್ನ ಹೋಗುತ್ತದೆ. ನಿಜ ಹೇಳಿದರೆ ತಮ್ಮನ ಕೆಲಸ ಹೋಗುತ್ತದೆ. ಹೊರಗೆ ಬಂದಾಗ ಬೀಗರು ಇವನ ಭುಜದ ಮೇಲೆ ಕೈಯಿಟ್ಟು, “ನೀವು ಸುಮ್ನಿರಿ. ಮಗಳನ್ನ ಕೊಟ್ಟೋರು ನೀವು, ನಿಮ್ಮ ತಲೆ ತಗ್ಗಬಾರ್ದು” ಎಂದರಂತೆ.

ಇವನು ಸುಮ್ಮನಿದ್ದ. ಮನೆಯಲ್ಲಿ ನಮಗೂ ಹೇಳಲಿಲ್ಲ. ತಟ್ಟೆಯ ಮುಂದೆ ಕೂತು ಬೆರಳಾಡಿಸಿ ಏಳುತ್ತಿದ್ದ. ಮಗಳು ಫೋನು ಮಾಡಿದರೆ, “ಅತ್ತೆ ಹತ್ರ ಮಾತಾಡು” ಎಂದು ನನ್ನ ಕೈಗೆ ಕೊಡುತ್ತಿದ್ದ.

“ಅಪ್ಪ ಯಾಕತ್ತೆ ಹೀಗೆ? ಅಪಘಾತ ಆಗಿದ್ದು ಮಾವಂಗೆ, ಮುಖ ಊದಿಸ್ಕೊಂಡಿರೋದು ಅಪ್ಪ” ಎಂದಳು ಅವಳು.

ಒಂದು ಮಧ್ಯಾಹ್ನ ಕೊಡೆಯವನನ್ನು ನೋಡಿ ಬರೋಣ ಬಾ ಎಂದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಬೀಗರ ಕಡೆಯವರು ಎಂದಷ್ಟೇ ಹೇಳಿಕೊಂಡೆವು. ಕೊಡೆಯವನು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ. ಪಕ್ಕದ ಮೇಜಿನ ಮೇಲೆ ಬ್ರೆಡ್ಡಿನ ಪೊಟ್ಟಣಗಳ ಗುಡ್ಡೆ.

“ಅದನ್ನ ನೀವಾದ್ರೂ ತಗೊಂಡು ಹೋಗಿ ತಾಯಿ” ಎಂದ ನನಗೆ. “ನಿಮ್ಮ ಡ್ರೈವರು ದಿನಾ ತಂದು ಸುರೀತಾನೆ. ನಾನು ಮಲಗಿರೋ ಮನುಷ್ಯ, ಎಷ್ಟು ತಿನ್ಲಿ? ಬಂದೋನು ತಪ್ಪಾಯ್ತು ಅಂತ ಕಾಲು ಬೇರೆ ಹಿಡ್ಕೋತಾನೆ. ಇರೋದು ಎರಡು ಕಾಲು, ಹುಡುಕಿ ಹುಡುಕಿ ಮುರಿದಿರೋದನ್ನೇ ಹಿಡೀತಾನೆ. ಜೀವ ಹೋಗುತ್ತೆ.”

ನನಗೆ ನಗು ಬಂತು. ತಮ್ಮನ ಕಡೆ ತಿರುಗಿದರೆ ಅವನು ಕಿಟಕಿಯ ಗಾಜನ್ನು ನೋಡುತ್ತ ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ.

“ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ ಬಿಡಿ” ಎಂದ ಕೊಡೆಯವನು. “ನನ್ನದೇ ತಪ್ಪು ಅಂತ ಒಪ್ಕೊಂಡ. ಒಪ್ಕೊಳ್ಳೋರು ಈಗ ಎಲ್ಲಿದಾರೆ.”

ಅದೇ ಸಂಜೆ ತಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು, ನಾನು ಮೊದಲಿಗೆ ಬರೆದ ಮಾತುಗಳನ್ನೂ ಉಳಿದದ್ದನ್ನೂ ಹೇಳಿದ್ದು. ಹೇಳಿ ಮುಗಿಸಿ, “ಈಗ ಏನಾದ್ರೂ ಬೈ” ಎಂದ.

ಬೈಯಲು ನನಗೆ ಮನಸ್ಸು ಬರಲಿಲ್ಲ. “ಬೀಗರು ಸಾಹೇಬ್ರ ಮುಂದೆ ತಪ್ಪು ಒಪ್ಕೊಳ್ಳೋವಾಗ ನೀನೆಲ್ಲಿ ನೋಡ್ತಿದ್ದೆ?” ಎಂದು ಮಾತ್ರ ಕೇಳಿದೆ.

“ಅವರ ಚಪ್ಪಲಿ” ಎಂದ. “ಒಂದು ಪಟ್ಟಿ ಕಿತ್ತಿತ್ತು. ಪಿನ್ನು ಹಾಕ್ಕೊಂಡಿದ್ರು.”

ಮರುದಿನ ಶೆಡ್ಡಿಗೆ ಬೇಗ ಹೋದ. ಸಾಹೇಬರ ಕೋಣೆಗೆ ಹೋಗಿ, ಮಗ್ಗಿನ ನೀರಿನ ವಿಷಯ, ಪಂಪಿನ ಸದ್ದಿನ ವಿಷಯ ಎಲ್ಲ ಹೇಳಿ, ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಪೈಪಿನ ಬಾಯಿಯ ಧೂಳನ್ನೂ ತೋರಿಸಿದ. ಸಾಹೇಬರು ಬೈಯಲಿಲ್ಲವಂತೆ. “ನೀವಾ?” ಎಂದರಂತೆ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದ ತಮ್ಮ.

ಕೆಲಸ ಪೂರ್ತಿ ಹೋಗಲಿಲ್ಲ. ಸಾಲಿನಿಂದ ತೆಗೆದು ಅಂಗಳದ ನಲ್ಲಿಗೆ ಹಾಕಿದರು. ಡಬ್ಬಿ ಖಾಲಿ ಎಂದು ಹಿಂದಕ್ಕೆ ಬಂದ ಗಾಡಿಗಳಿಗೆ ನೀರು ತುಂಬಿಸುವ ಕೆಲಸ. ಬೀಗರಿಗೆ ಲೈಸೆನ್ಸು ವಾಪಸು ಸಿಕ್ಕಿತು.

ಬೀಗರು ಸಂತೋಷಪಟ್ಟು ಬರುತ್ತಾರೆ ಎಂದು ನಾವು ಕಾದೆವು. ಬಂದರು, ಆದರೆ ಈ ಸಲ ಕೈಯಲ್ಲಿ ಬ್ರೆಡ್ಡಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತರು.

“ನನ್ನ ಸುಳ್ಳುಗಾರನ್ನ ಮಾಡಿಬಿಟ್ರಲ್ಲ ಬೀಗರೇ” ಎಂದರು. “ಯಾಕಯ್ಯಾ ಸುಳ್ಳು ಹೇಳ್ದೆ ಅಂತ ಸಾಹೇಬ್ರು ಕೇಳ್ತಾರೆ. ಏನು ಹೇಳ್ಲಿ? ಬೀಗರ ಮೇಲಿನ ಪ್ರೀತಿಗೆ ಅಂತ ಆಫೀಸಲ್ಲಿ ಹೇಳೋಕಾಗುತ್ತಾ?”

“ನಿಮ್ಮ ಅನ್ನ ಹೋಗ್ತಿತ್ತು. ನಾನು ಇನ್ನೇನು ಮಾಡಬೇಕಿತ್ತು ಹೇಳಿ” ಎಂದ ತಮ್ಮ.

“ಮೊದಲನೇ ದಿನ ಹೇಳಬೇಕಿತ್ತು. ನಾನು ಬಾಯಿ ಹಾಕೋದಕ್ಕೆ ಮುಂಚೆ.”

ತಮ್ಮನ ಹೆಂಡತಿ ಚಹಾ ತಂದಿಟ್ಟಳು. ಬೀಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅವರ ದನಿ ಸ್ವಲ್ಪ ಇಳಿಯಿತು.

“ಅಲ್ಲ ಬೀಗರೇ, ಒಂದು ಮಾತು ಕೇಳ್ತೀನಿ. ಅವತ್ತು ನನ್ನನ್ನ ಸಾಲಿನ ಕೊನೆಗೆ ಕಳಿಸಿದ್ರೆ ನನಗೇನು ಬೇಜಾರಾಗ್ತಿತ್ತಾ? ಮರದ ನೆರಳಿತ್ತು. ವ್ಯಾನಲ್ಲಿ ಬ್ರೆಡ್ಡಿತ್ತು. ತಿಂದು ಒಂದು ನಿದ್ದೆ ಹೊಡೀತಿದ್ದೆ. ಹೋಗಿ ಬರ್ಲಾ ಅಂತ ನಾನೇ ಬಾಯಿಬಿಟ್ಟು ಕೇಳಿದ್ನಲ್ಲ.”

ತಮ್ಮನಿಗೆ ಸಾಹೇಬರ ಮಾತಿಗಿಂತ, ಸಾಲಿನಿಂದ ತೆಗೆದದ್ದಕ್ಕಿಂತ, ತಗುಲಿದ್ದು ಈ ಮಾತು. ಬೀಗರ ಮುಖ ಉಳಿಸಲು ಹೋದೆ ಎಂದು ಅವನು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಬೀಗರಿಗೆ ಅದು ಬೇಕೇ ಇರಲಿಲ್ಲ. ನಾಲ್ಕು ಜನರ ಎದುರಿಗೆ ಸಂಕೋಚ ಆಗಿದ್ದು ಇವನಿಗೆ.

ಬೀಗರು ಈಗ ಮತ್ತೆ ಬರುತ್ತಾರೆ, ಹೋಗುತ್ತಾರೆ. ವ್ಯಾನನ್ನು ಮತ್ತೆ ತಪಾಸಣೆಗೆ ತಂದಾಗ ನಲ್ಲಿಯ ಹತ್ತಿರ ತಾವಾಗಿಯೇ ನಿಲ್ಲಿಸಿ, “ತುಂಬಿಸಿ ಬೀಗರೇ, ಈ ಸಲ ಕೆಳಗೂ ಬಗ್ಗಿ ನೋಡಿ” ಎಂದರಂತೆ. ಅವರು ಬಟನ್ ಒತ್ತಿದರು, ತಮ್ಮ ಮೊಣಕಾಲೂರಿ ಬಗ್ಗಿ ನೋಡಿದ. ನೆಲ ಒಣಗಿತ್ತು. ವ್ಯಾನು ಸಾಲು ಸೇರಿ ಶೆಡ್ಡಿಗೆ ಹೋದ ಮೇಲೆ ಒಳಗಿನಿಂದ ಇವನ ಜಾಗಕ್ಕೆ ಬಂದ ಹೊಸಬನ ದನಿ ಬಂತು, “ಗಾಜು ಸರಿ.” ಸಣ್ಣ ದನಿ, ಎದುರಿನ ಚಹಾದ ಅಂಗಡಿಗೂ ಕೇಳಿಸುವುದಿಲ್ಲವಂತೆ.

ಗಾಜು ಈಗ ಇವನ ಕೆಲಸವಲ್ಲ. ಆದರೂ ಬಟ್ಟೆಗಳನ್ನು ಮನೆಗೆ ತರುವುದು ಬಿಟ್ಟಿಲ್ಲ. ಹೊಸಬನಿಗೆ ಸೋಪು ಬಿಡಿಸಲು ಬರುವುದಿಲ್ಲ ಎನ್ನುತ್ತಾನೆ. ಇವತ್ತು ಸಂಜೆಯೂ ಬಕೆಟ್ಟು ಇಟ್ಟುಕೊಂಡು ಕೂತ. ಉಜ್ಜಿದ, ಜಾಲಿಸಿದ, ನೀರು ಚೆಲ್ಲಿ ಹೊಸ ನೀರಿನಲ್ಲಿ ಮತ್ತೆ ಜಾಲಿಸಿದ. ಒಂದೊಂದಾಗಿ ಹಿಂಡಿ, ಕೊಡವಿ, ನನ್ನ ಕೈಗೆ ಕೊಟ್ಟ. ನಾನು ಹಗ್ಗದ ಮೇಲೆ ಹರವಿ ಕ್ಲಿಪ್ಪು ಹಾಕಿದೆ.